ಲೋಕೇಶ್ ಸಿನಿಮಾಗಳು: ಯಾವುದು ಮೊದಲು, ಕಣ್ಣು ಎಲ್ಲಿಡಬೇಕು

‘ಭೂತಯ್ಯನ ಮಗ ಅಯ್ಯು’ ಅಂದರೆ ಗುಳ್ಳನಾಗಿದ್ದ ವಿಷ್ಣುವರ್ಧನ್ ನೆನಪಾಗುತ್ತಾರೆ, ಉಪ್ಪಿನಕಾಯಿ ಲೋಕನಾಥ್ ನೆನಪಾಗುತ್ತಾರೆ. ‘ಪರಸಂಗದ ಗೆಂಡೆತಿಮ್ಮ’ ಅಂದರೆ ರಾಜನ್–ನಾಗೇಂದ್ರರ ಹಾಡುಗಳು. ‘ಕಾಕನಕೋಟೆ’ ಅಂದರೆ ಮಾಸ್ತಿ, ಸಿ. ಅಶ್ವತ್ಥ್, ‘ನೇಸರ ನೋಡು’. ‘ಬ್ಯಾಂಕರ್ ಮಾರ್ಗಯ್ಯ’ ಅಂದರೆ ಆರ್.ಕೆ. ನಾರಾಯಣ್. ನಾಲ್ಕರಲ್ಲೂ ನಟ್ಟನಡುವೆ ಇರುವವರು ನಟ ಲೋಕೇಶ್. ದುಡಿಮೆ ಅವರದು, ಜಮಾ ಮಾತ್ರ ಬೇರೆಯವರ ಖಾತೆಗೆ.

ಕಾರಣ ಸರಳ. ಅನುಕರಿಸಿ ತೋರಿಸಲು ಒಂದು ನಗು, ಒಂದು ನಡಿಗೆ, ಒಂದು ಡೈಲಾಗ್ ಅಂತ ಅವರು ಏನನ್ನೂ ಬಿಟ್ಟುಹೋಗಿಲ್ಲ. ಮಿಮಿಕ್ರಿಯವರ ಕೈಗೆ ಸಿಗುವ ನಟ ಅಲ್ಲ.

ನೋಡಲು ಕೂರುವ ಮೊದಲು ಪರದೆ ಸರಿಮಾಡಿಕೊಳ್ಳಿ. ಎಪ್ಪತ್ತು–ಎಂಬತ್ತರ ದಶಕದ ಈ ಚಿತ್ರಗಳ ಚೌಕಟ್ಟು ಹೆಚ್ಚುಕಮ್ಮಿ 4:3. ಅದನ್ನು 16:9ಕ್ಕೆ ಎಳೆದರೆ ಮನುಷ್ಯರೆಲ್ಲ ಮೂರನೇ ಒಂದು ಪಾಲು ಅಗಲವಾಗುತ್ತಾರೆ. ಗಾಡಿಯ ಚಕ್ರ ಮೊಟ್ಟೆಯಂತೆ ಕಂಡರೆ ಎಳೆದಿದ್ದಾರೆ ಎಂದೇ ಅರ್ಥ. ಟಿವಿಯ ಪಿಕ್ಚರ್ ಸೆಟ್ಟಿಂಗಿನಲ್ಲಿ 4:3 ಆರಿಸಿದರೆ ಸರಿಹೋಗುತ್ತದೆ. ಇದಕ್ಕಿಂತ ಕೆಟ್ಟದ್ದು ಪರದೆ ತುಂಬಿಸಲು ಮೇಲೆ ಕೆಳಗೆ ಕತ್ತರಿಸಿದ ಪ್ರತಿ. ಚಿತ್ರದ ಕಾಲು ಭಾಗ ಹೋಗಿರುತ್ತದೆ, ಯಾವ ಸೆಟ್ಟಿಂಗಿನಿಂದಲೂ ವಾಪಸ್ ಬರುವುದಿಲ್ಲ. ಸೊಂಟದವರೆಗಿನ ಶಾಟ್‌ನಲ್ಲಿ ಹಾಗೆ ಮೊದಲು ಮಾಯವಾಗುವುದು ಕೈಗಳು. ಲೋಕೇಶ್ ವಿಷಯದಲ್ಲಿ ಇದು ಸಣ್ಣ ನಷ್ಟವಲ್ಲ, ಯಾಕೆಂದರೆ ಅವರು ಪಾತ್ರವನ್ನು ಹಿಡಿಯುವುದೇ ಅದರ ಕಸುಬಿನಿಂದ.

ಮೊದಲು ‘ಬ್ಯಾಂಕರ್ ಮಾರ್ಗಯ್ಯ’ (1983). ಟಿ.ಎಸ್. ನಾಗಾಭರಣ ನಿರ್ದೇಶನ, ಅತ್ಯುತ್ತಮ ಕನ್ನಡ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂದಿತ್ತು. ಸಹಕಾರಿ ಬ್ಯಾಂಕಿನ ಎದುರು ಮರದಡಿ ಒಂದು ತಗಡಿನ ಪೆಟ್ಟಿಗೆ, ಅದರಲ್ಲಿ ಪೆನ್ನು, ಶಾಯಿ, ಲೆಕ್ಕದ ಪುಸ್ತಕ: ಮಾರ್ಗಯ್ಯನ ಇಡೀ ಆಫೀಸು ಇಷ್ಟೆ. ರೈತರಿಗೆ ಸಾಲದ ಅರ್ಜಿ ತುಂಬಿಕೊಟ್ಟು ಬದುಕುವವನು ಮುಂದೆ ಊರಿನ ದುಡ್ಡನ್ನೆಲ್ಲ ಠೇವಣಿ ಇಟ್ಟುಕೊಳ್ಳುವ ಸಾಹುಕಾರನಾಗುತ್ತಾನೆ, ಆಮೇಲೆ ಎಲ್ಲ ಕಳೆದುಕೊಳ್ಳುತ್ತಾನೆ. ಇಂಥ ಪಾತ್ರದಲ್ಲಿ ಸಾಮಾನ್ಯ ನಟ ಬಡವನಾಗಿದ್ದಾಗ ಬಗ್ಗುತ್ತಾನೆ, ಶ್ರೀಮಂತನಾದ ಮೇಲೆ ಎದೆಯುಬ್ಬಿಸುತ್ತಾನೆ. ಲೋಕೇಶ್ ಅಷ್ಟು ಸಲೀಸಾಗಿ ಬದಲಾಗುವುದಿಲ್ಲ. ಮರದಡಿ ಕೂತಾಗಲೂ ಮಾರ್ಗಯ್ಯನಿಗೆ ತಾನು ದೊಡ್ಡ ಮನುಷ್ಯನೆಂಬ ಗತ್ತಿದೆ. ದೊಡ್ಡ ಮನುಷ್ಯನಾದಾಗಲೂ ಯಾರಾದರೂ ಎಬ್ಬಿಸಿ ಓಡಿಸಿಬಿಟ್ಟಾರು ಎಂಬ ಅಳುಕು ಹೋಗಿಲ್ಲ. ಮೊದಲ ಸಲ ಕಥೆಗಾಗಿ ನೋಡಿ. ಎರಡನೇ ಸಲ ಹತ್ತು ನಿಮಿಷ ಸದ್ದು ನಿಲ್ಲಿಸಿ ನೋಡಿ. ದುಡ್ಡಿನ ಮಾತು ಎಲ್ಲಿ ಶುರುವಾಯಿತು ಎನ್ನುವುದು ಕಿವಿಯ ಸಹಾಯವಿಲ್ಲದೆ ತಿಳಿಯುತ್ತದೆ.

ಎರಡನೆಯದು ‘ಭೂತಯ್ಯನ ಮಗ ಅಯ್ಯು’ (1974). ಗೊರೂರರ ಕಥೆ, ಸಿದ್ದಲಿಂಗಯ್ಯನವರ ನಿರ್ದೇಶನ. ಭೂತಯ್ಯನಾಗಿ ಎಂ.ಪಿ. ಶಂಕರ್ ಅಬ್ಬರಿಸಿ ಹೋದ ಮೇಲೆ ಆ ಜಾಗ ತುಂಬುವುದು ಸುಲಭವಲ್ಲ. ಮಗ ಅಯ್ಯುವಾಗಿ ಲೋಕೇಶ್ ತುಂಬಲು ಹೋಗುವುದೂ ಇಲ್ಲ. ಅಪ್ಪನ ಹೆಣ ಎತ್ತಲು ಊರಿನವರು ಬಾರದೇ ಹೋಗುವ ಸನ್ನಿವೇಶವನ್ನು ಬಿಡದೆ ನೋಡಿ. ಅಲ್ಲಿಂದ ಮುಂದಿನ ಅಯ್ಯುವಿನಲ್ಲಿ ಸಿಟ್ಟು ಮತ್ತು ನಾಚಿಕೆ ಒಟ್ಟಿಗೇ ಕೆಲಸ ಮಾಡುತ್ತವೆ. ಗುಳ್ಳನ ಕೆಚ್ಚು ಎದ್ದು ಕಾಣುವುದೇ ಎದುರಿಗೆ ಇಂಥವನಿರುವುದರಿಂದ. ಯೂಟ್ಯೂಬಿನ ಬಿಡಿ ತುಣುಕುಗಳಲ್ಲಿ ನೋಡಿದರೆ ಇದು ಸಿಗುವುದಿಲ್ಲ. ತುಣುಕಾಗಿ ಕತ್ತರಿಸುವುದು ಹೋಟೆಲ್ ದೃಶ್ಯವನ್ನೇ ತಾನೆ.

‘ಪರಸಂಗದ ಗೆಂಡೆತಿಮ್ಮ’ (1978) ಮೂರನೆಯದು. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿ, ಮಾರುತಿ ಶಿವರಾಂ ನಿರ್ದೇಶನ. ಊರೂರು ಸುತ್ತಿ ಸಾಮಾನು ಮಾರುವ ತಿಮ್ಮನ ಮುಗ್ಧತೆ ಒಂದಿಷ್ಟು ಹೆಚ್ಚಾದರೂ ಪೆದ್ದುತನವಾಗಿ, ಪ್ರೇಕ್ಷಕರು ಅವನನ್ನು ನೋಡಿ ನಗಲು ಶುರುಮಾಡುತ್ತಾರೆ. ಲೋಕೇಶ್ ತಿಮ್ಮನಿಗೆ ವ್ಯಾಪಾರಿಯ ಚುರುಕು ಕೊಟ್ಟು ಅದನ್ನು ತಪ್ಪಿಸಿದ್ದಾರೆ: ಗಿರಾಕಿಯ ಮನಸ್ಸು ಓದಬಲ್ಲವನು, ಮನೆಯಲ್ಲಿ ಮಾತ್ರ ಹೆಂಡತಿ ಮರಂಕಿಯ ಮನಸ್ಸು ಓದಲಾರ. ‘ತೇರ ಏರಿ ಅಂಬರದಾಗೆ’ ಹಾಡಿನಲ್ಲಿ ಎಸ್‌ಪಿಬಿ ಕಂಠ ತಿಮ್ಮನಿಗೆ ಸ್ವಲ್ಪ ನಯವಾಯಿತು ಅನಿಸಿದರೆ ತಪ್ಪಿಲ್ಲ, ಆದರೆ ಆ ಹಾಡನ್ನು ಯಾರು ಬಿಡುತ್ತಾರೆ!

‘ಕಾಕನಕೋಟೆ’ಯನ್ನು (1977) ಇಯರ್‌ಫೋನ್ ಹಾಕಿಕೊಂಡು ನೋಡುವುದು ಒಳ್ಳೆಯದು. ಸಿ.ಆರ್. ಸಿಂಹ ‘ನಟರಂಗ’ ತಂಡಕ್ಕೆ ಆಡಿಸಿದ ಮಾಸ್ತಿಯವರ ನಾಟಕವನ್ನೇ ಸಿನಿಮಾ ಮಾಡಿದರು, ಮಾತಿನಲ್ಲಿ ರಂಗದ ಲಯ ಉಳಿದಿದೆ. ಕೆಲವು ಕಡೆ ಆ ಲಯ ಕ್ಯಾಮೆರಾಕ್ಕೆ ಭಾರವೇ. ಲೋಕೇಶ್ ರಂಗದ ಮನೆಯಲ್ಲೇ ಹುಟ್ಟಿದವರು. ತಂದೆ ಸುಬ್ಬಯ್ಯ ನಾಯ್ಡು ಕಂಪನಿ ನಾಟಕದ ದೊಡ್ಡ ನಟ, 1934ರ ‘ಸತಿ ಸುಲೋಚನ’ದ ಇಂದ್ರಜಿತು. ಕೊನೇ ಸಾಲಿಗೆ ಮುಟ್ಟಿಸುವ ದನಿ ಮನೆಯಿಂದ ಬಂತು, ಅದನ್ನು ಇಳಿಸುವ ಹದ ಹವ್ಯಾಸಿ ರಂಗಭೂಮಿಯಿಂದ. ಕಾಡುಕುರುಬರ ನಾಯಕನ ಪಾತ್ರದಲ್ಲಿ ಎರಡೂ ಪಕ್ಕಪಕ್ಕದಲ್ಲೇ ಕೇಳಿಸುತ್ತವೆ.

ತೊಂಬತ್ತರ ದಶಕದ ಪೋಷಕ ಪಾತ್ರಗಳಿಂದ ಶುರುಮಾಡಿದರೆ ‘ಇವರೇನು ಅಂಥಾ ನಟ?’ ಅನಿಸಬಹುದು, ಅವುಗಳನ್ನು ಪಕ್ಕಕ್ಕಿಡಿ. ಒಂದಕ್ಕೆ ಮಾತ್ರ ವಿನಾಯಿತಿ: ಅವರೇ ನಿರ್ದೇಶಿಸಿದ ‘ಭುಜಂಗಯ್ಯನ ದಶಾವತಾರ’ (1991). ಇದೂ ಆಲನಹಳ್ಳಿಯವರ ಕಾದಂಬರಿ. ಒಂದಾದ ಮೇಲೊಂದು ಪಾಡು ಬರುವುದರಿಂದ ನಡುವೆ ಎಳೆದಂತಾಗುತ್ತದೆ. ಉಳಿದ ನಾಲ್ಕನ್ನು ಮುಗಿಸಿ, ಒಂದು ಭಾನುವಾರ ಪುರುಸೊತ್ತಾಗಿ ನೋಡಿ.