ಮಡಿಕೇರಿಯ ಹಳೇ ಪಿಯಾನೋಗೆ ಝೂಮ್ ಎಚ್1ಎನ್

ನಮ್ಮ ಮಡಿಕೇರಿ ಮನೆಯಲ್ಲಿ ಅಜ್ಜನ ಕಾಲದ ಅಪ್‌ರೈಟ್ ಪಿಯಾನೋ ಇದೆ. ಅದರ ದನಿ ಉಳಿಸಿಕೊಳ್ಳಬೇಕು ಅಂತಲೇ ಝೂಮ್ ಎಚ್1ಎನ್ ಅನ್ನೋ ಪುಟ್ಟ ಆಡಿಯೋ ರೆಕಾರ್ಡರ್ ಕೊಂಡೆ. 90 ಡಿಗ್ರಿ ಕೋನದ ಎರಡು ಮೈಕ್ ಅದರಲ್ಲೇ ಇವೆ. ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ಬೇರೆ ಇಂಟರ್‌ಫೇಸ್, ಕೇಬಲ್ ಬೇಡ. ಎರಡು ಎಎಎ ಸೆಲ್ ಸಾಕು, ಕರೆಂಟ್ ಹೋದರೂ ಚಿಂತೆಯಿಲ್ಲ.

ಇಡುವ ಜಾಗವೇ ಮುಖ್ಯ. ಪಿಯಾನೋ ಮೇಲೇ ಇಟ್ಟಾಗ ಪೆಡಲ್ ಸದ್ದೇ ಜಾಸ್ತಿ ಬಂತು. ಆಮೇಲೆ ಮೇಲಿನ ಮುಚ್ಚಳ ತೆರೆದು, ನಾಲ್ಕು ಅಡಿ ದೂರದಲ್ಲಿ, ತಲೆಗಿಂತ ಸ್ವಲ್ಪ ಎತ್ತರಕ್ಕೆ ಟ್ರೈಪಾಡ್ ನಿಲ್ಲಿಸಿದೆ. ಕೆಳಗಿನ ಸ್ವರಗಳು ತುಂಬಿಕೊಂಡು ಬಂದವು! ದನಿಯ ಮಟ್ಟವನ್ನು ತಾನೇ ಏರಿಸಿ ಇಳಿಸುವ ಆಟೋ ಲೆವೆಲ್ ಆಫ್ ಮಾಡಿ. ಇಲ್ಲದಿದ್ದರೆ ಮೆಲ್ಲಗೆ ನುಡಿಸಿದ್ದಕ್ಕೂ ಜೋರಾಗಿ ನುಡಿಸಿದ್ದಕ್ಕೂ ವ್ಯತ್ಯಾಸ ಕರಗುತ್ತದೆ. ಮೆಲ್ಲನೆಯ ದನಿಯನ್ನೂ ಸೂಕ್ಷ್ಮವಾಗಿ ಹಿಡಿಯುವ 24 ಬಿಟ್ ಸೆಟ್ಟಿಂಗ್‌ನಲ್ಲಿ ಲೆವೆಲ್ ಕಮ್ಮಿ ಇಟ್ಟು ಆಮೇಲೆ ಏರಿಸಬಹುದು.

ಕಕ್ಕಡದ (ಕೊಡಗಿನ ಜೋರು ಮಳೆಯ ತಿಂಗಳು) ಮಳೆ ಹೆಂಚಿಗೆ ಬಡಿಯುವಾಗ ಮಾತ್ರ ರೆಕಾರ್ಡಿಂಗ್ ಆಗದು.

ಅಮ್ಮ ಹೆಡ್‌ಫೋನ್‌ನಲ್ಲಿ ಕೇಳಿ, “ಅಪ್ಪನ ಪಿಯಾನೋನೇ ಅಲ್ವಾ ಇದು!” ಅಂದರು.