ಓದೋದು ರೆಪ್ಲಿಕಾದಿಂದ, ಬರೆಯೋದು ಪ್ರೈಮರಿಗೆ: ಕ್ಯೂಜಿಐಎಸ್ ಜೊತೆ ಮೂರು ದಾರಿಗಳ ಹೋಲಿಕೆ

ನಕ್ಷೆಯ ದತ್ತಾಂಶ ಇಡುವ ಪೋಸ್ಟ್‌ಜಿಐಎಸ್ (ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ವಿಸ್ತರಣೆ) ಒಂದೇ ಸರ್ವರ್‌ನಲ್ಲಿ ಇದ್ದಾಗ ತಲೆಬಿಸಿ ಇಲ್ಲ. ಕ್ಯೂಜಿಐಎಸ್ ಅನ್ನೋ ನಕ್ಷೆ ತಂತ್ರಾಂಶಕ್ಕೆ ಹೋಸ್ಟ್, ಪೋರ್ಟ್, ಪಾಸ್‌ವರ್ಡ್ ಕೊಟ್ಟರೆ ನಕ್ಷೆ ತೆರೆದುಕೊಳ್ಳುತ್ತದೆ. ನೋಡುವವರು ಜಾಸ್ತಿಯಾಗಿ, ಬರೆಯೋಕೆ ಒಂದು ಪ್ರೈಮರಿ, ಓದೋಕೆ ಅದರ ನಕಲಾಗಿ ಎರಡು ರೆಪ್ಲಿಕಾ ಅಂತ ಮಾಡಿಕೊಂಡ ಮೇಲೆ ಅಸಲಿ ಪ್ರಶ್ನೆ ಬರುತ್ತದೆ. ಕ್ಯೂಜಿಐಎಸ್‌ಗೆ ಯಾವ ವಿಳಾಸ ಕೊಡೋದು? ನಾನು ಮೂರು ದಾರಿಗಳನ್ನು ಕೆಲಸದಲ್ಲಿ ಹಾಕಿ ನೋಡಿದ್ದೇನೆ: ಮಧ್ಯೆ ನಿಂತು ಕೆಲಸವನ್ನು ಸರ್ವರ್‌ಗಳಿಗೆ ಹಂಚುವ ಪಿಜಿಪೂಲ್, ಎಚ್‌ಎಪ್ರಾಕ್ಸಿ, ಮತ್ತೆ ಮಧ್ಯೆ ಏನೂ ಇಲ್ಲದೆ ಪೋಸ್ಟ್‌ಗ್ರೆಸ್‌ನ ಸರ್ವಿಸ್ ಫೈಲ್ (ಸಂಪರ್ಕದ ವಿವರಗಳನ್ನು ಒಂದು ಹೆಸರಿನಡಿ ಬರೆದಿಡುವ ಫೈಲ್).

ಮೊದಲು ಒಂದು ವಿಷಯ ಗೊತ್ತಿರಬೇಕು. ಕ್ಯೂಜಿಐಎಸ್‌ನಲ್ಲಿ ಒಂದು ಲೇಯರ್‌ಗೆ ಒಂದೇ ವಿಳಾಸ. ಓದೋದು ಇಲ್ಲಿಂದ, ಸೇವ್ ಮಾಡೋದು ಅಲ್ಲಿಗೆ ಅಂತ ಹೇಳೋಕೆ ಜಾಗವೇ ಇಲ್ಲ. ಲೇಯರ್ ತೆರೆಯುವಾಗಲೇ ಅದು ಸರ್ವರ್ ರಿಕವರಿ ಸ್ಥಿತಿಯಲ್ಲಿ (ಪ್ರೈಮರಿಯ ಬದಲಾವಣೆಗಳನ್ನು ತನಗೆ ಅನ್ವಯಿಸಿಕೊಳ್ಳುತ್ತಾ) ಇದೆಯಾ ಅಂತ ವಿಚಾರಿಸುತ್ತದೆ. ರೆಪ್ಲಿಕಾ ಯಾವಾಗಲೂ ಆ ಸ್ಥಿತಿಯಲ್ಲೇ ಇರುತ್ತದೆ, ಅಲ್ವಾ? ಹೌದು ಅನ್ನುತ್ತದೆ. ಅಷ್ಟೇ, ಎಡಿಟ್ ಮಾಡುವ ಪೆನ್ಸಿಲ್ ಬಟನ್ ಮಂಕಾಗುತ್ತದೆ. ಆಮೇಲೆ ಬಳಕೆದಾರರಿಗೆ ಯಾವ ಹಕ್ಕು ಕೊಟ್ಟಿದ್ದರೂ ಪ್ರಯೋಜನ ಇಲ್ಲ.

ಈ ಕಾರಣಕ್ಕೇ ಪಿಜಿಪೂಲ್ ಮೇಲೆ ಎಲ್ಲರಿಗೂ ಮೊದಲು ಆಸೆ ಹುಟ್ಟುತ್ತದೆ. ಒಂದೇ ವಿಳಾಸ ಕೊಡಿ, ಒಳಗೆ ಬರುವ ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಕೊಡುವ ಆಜ್ಞೆ) ಓದಿ ಸೆಲೆಕ್ಟ್ ಆದರೆ ರೆಪ್ಲಿಕಾಗೆ, ಅಪ್‌ಡೇಟ್ ಆದರೆ ಪ್ರೈಮರಿಗೆ ಅದೇ ಕಳಿಸುತ್ತದೆ. ಸಾಮಾನ್ಯ ವೆಬ್ ಆ್ಯಪ್‌ಗೆ ಇದು ಚೆನ್ನಾಗಿಯೇ ನಡೆಯುತ್ತದೆ. ಆದರೆ ಕ್ಯೂಜಿಐಎಸ್ ಬರಿಯ ಸೆಲೆಕ್ಟ್ ಕಳಿಸುವುದಿಲ್ಲ. ಓದು ಮಾತ್ರದ ಒಂದು ಟ್ರಾನ್ಸಾಕ್ಷನ್ (ಒಟ್ಟಾಗಿ ನಡೆಯುವ ಆಜ್ಞೆಗಳ ಗುಂಪು) ಶುರು ಮಾಡಿ, ಡಿಕ್ಲೇರ್ ಅಂತ ಒಂದು ಕರ್ಸರ್ (ಎಲ್ಲಿಯ ತನಕ ಓದಿದ್ದೇವೆ ಅನ್ನುವ ಗುರುತು) ತೆರೆದು, ಫೆಚ್ ಮಾಡುತ್ತಾ ಸಾವಿರಾರು ಸಾಲುಗಳನ್ನು ಕಂತು ಕಂತಾಗಿ ಎಳೆದುಕೊಳ್ಳುತ್ತದೆ. ಪಿಜಿಪೂಲ್ ಕಣ್ಣಿಗೆ ಡಿಕ್ಲೇರ್ ಅನ್ನೋದು ಹಂಚಬಹುದಾದ ಓದು ಅಲ್ಲ. ಹಾಗಾಗಿ ಪ್ರೈಮರಿಗೆ ದೂಡುತ್ತದೆ. ಯಾವ ಕ್ವೆರಿ ಯಾವ ನೋಡ್‌ಗೆ (ಸರ್ವರ್‌ಗೆ) ಹೋಯಿತು ಅಂತ ತೋರಿಸುವ ಲಾಗ್ ಆನ್ ಮಾಡಿ ನಕ್ಷೆಯನ್ನು ಸುಮ್ನೆ ಅತ್ತಿತ್ತ ಎಳೆದು ನೋಡಿ. ಭಾರವಾದ ಜ್ಯಾಮಿತಿ ತರುವ ಸಾಲುಗಳೆಲ್ಲ ಸೊನ್ನೆ ನಂಬರಿನ ನೋಡ್‌ನಲ್ಲೇ ಕಾಣುತ್ತವೆ; ನನ್ನ ಸೆಟಪ್‌ನಲ್ಲಿ ಪ್ರೈಮರಿ ಅದೇ. ಪ್ರೈಮರಿಯ ಭಾರ ಇಳಿಸೋಕೆ ತಂದ ಸಾಧನ ಭಾರವನ್ನು ಅಲ್ಲೇ ಬಿಟ್ಟಿತು. ಕ್ಯೂಜಿಐಎಸ್ ಮಟ್ಟಿಗೆ ಇದನ್ನು ನಾನು ಯಾರಿಗೂ ಹೇಳುವುದಿಲ್ಲ.

ಎಚ್‌ಎಪ್ರಾಕ್ಸಿ ಎಸ್‌ಕ್ಯೂಎಲ್ ಗೊಡವೆಗೇ ಹೋಗುವುದಿಲ್ಲ. ಎರಡು ಪೋರ್ಟ್ ತೆರೆಯುತ್ತದೆ, ಸಾಮಾನ್ಯವಾಗಿ 5000 ಪ್ರೈಮರಿಗೆ, 5001 ರೆಪ್ಲಿಕಾಗಳಿಗೆ. ಯಾರು ಪ್ರೈಮರಿ ಅನ್ನೋದನ್ನು ಪ್ರೈಮರಿ ಬಿದ್ದಾಗ ರೆಪ್ಲಿಕಾಗೆ ಬಡ್ತಿ ಕೊಡುವ ಪ್ಯಾಟ್ರೋನಿ ಅನ್ನೋ ತಂತ್ರಾಂಶದ 8008ನೇ ಪೋರ್ಟ್‌ಗೆ ಕೇಳಿ ತಿಳಿದುಕೊಳ್ಳುತ್ತದೆ. ಪ್ರೈಮರಿ ಬಿದ್ದು ರೆಪ್ಲಿಕಾ ಬಡ್ತಿ ಪಡೆದರೆ ಬಳಕೆದಾರರು ಏನನ್ನೂ ಬದಲಿಸಬೇಕಿಲ್ಲ. ಸರ್ವರ್ ಕಡೆಯ ತಂತ್ರಾಂಶಗಳಿಗೆ ಇದೇ ನನ್ನ ಆಯ್ಕೆ. ಡೆಸ್ಕ್‌ಟಾಪ್‌ನಲ್ಲಿ ಮಾತ್ರ ಒಂದು ಕಿರಿಕಿರಿ ಇದೆ. ಅರ್ಧ ಗಂಟೆ ಮಾತಿಲ್ಲದೆ ಇರುವ ಸಂಪರ್ಕವನ್ನು ಕತ್ತರಿಸು ಅಂತ ಅದರಲ್ಲಿ ಬರೆದಿದ್ದರೆ, ಊಟಕ್ಕೆ ಎದ್ದು ಹೋದವರ ಸಂಪರ್ಕ ಹೋಗುತ್ತದೆ. ಸಾಮಾನ್ಯ ಎಡಿಟಿಂಗ್‌ನಲ್ಲಿ ಅಷ್ಟು ನಷ್ಟವಿಲ್ಲ, ಸೇವ್ ಒತ್ತುವ ತನಕ ಬದಲಾವಣೆಗಳು ಕ್ಯೂಜಿಐಎಸ್‌ನ ನೆನಪಿನಲ್ಲೇ ಇರುತ್ತವೆ. ಆದರೆ ಪ್ರಾಜೆಕ್ಟ್‌ನಲ್ಲಿ ಆಟೋಮ್ಯಾಟಿಕ್ ಟ್ರಾನ್ಸಾಕ್ಷನ್ ಗ್ರೂಪ್ ಆನ್ ಇದ್ದರೆ ಪ್ರತಿ ಬದಲಾವಣೆ ಆ ಕ್ಷಣವೇ ಸರ್ವರ್‌ನ ತೆರೆದ ಟ್ರಾನ್ಸಾಕ್ಷನ್‌ಗೆ ಹೋಗಿರುತ್ತದೆ. ಸಂಪರ್ಕ ಕತ್ತರಿಸಿತೋ, ಬೆಳಗ್ಗೆಯಿಂದ ಎಳೆದ ಗಡಿಗೆರೆಗಳೆಲ್ಲ ರೋಲ್‌ಬ್ಯಾಕ್, ಅಂದರೆ ರದ್ದು. ಬರೆಯುವ ಪೋರ್ಟ್‌ಗೆ ಈ ಟೈಮ್‌ಔಟನ್ನು ಧಾರಾಳವಾಗಿ ಇಡಲೇಬೇಕು.

ಮೂರನೆಯದು ನನಗೆ ತುಂಬ ಹಿಡಿಸಿದ್ದು. ಕ್ಯೂಜಿಐಎಸ್ ಪೋಸ್ಟ್‌ಗ್ರೆಸ್‌ನ ಸ್ವಂತ ಲೈಬ್ರರಿ ಲಿಬ್‌ಪಿಕ್ಯೂ ಮೂಲಕವೇ ಮಾತಾಡುತ್ತದೆ. 2017ರಲ್ಲಿ ಬಂದ 10ನೇ ಆವೃತ್ತಿಯಿಂದ ಆ ಲೈಬ್ರರಿಗೆ ಒಂದೇ ಸಾಲಿನಲ್ಲಿ ಹಲವು ಹೋಸ್ಟ್ ಕೊಡಬಹುದು, ಬರೆಯಲು ಬಿಡುವ ಸರ್ವರ್ ಮಾತ್ರ ಬೇಕು ಅಂತಲೂ ಹೇಳಬಹುದು. 2021ರ 14ನೇ ಆವೃತ್ತಿ ‘ಆದಷ್ಟು ಸ್ಟ್ಯಾಂಡ್‌ಬೈ (ಅಂದರೆ ರೆಪ್ಲಿಕಾ) ಸಿಗಲಿ, ಇಲ್ಲದಿದ್ದರೆ ಯಾವುದಾದರೂ ಸರಿ’ ಅನ್ನುವ ಆಯ್ಕೆ ಸೇರಿಸಿತು. 2023ರ 16ರಲ್ಲಿ ಹೋಸ್ಟ್‌ಗಳ ಕ್ರಮವನ್ನು ಕಲಸುವ ಸೌಲಭ್ಯವೂ ಬಂತು, ರೆಪ್ಲಿಕಾಗಳ ನಡುವೆ ಭಾರ ಹಂಚಿಹೋಗುತ್ತದೆ. ಇದೆಲ್ಲ ನಡೆಯೋದು ಬಳಕೆದಾರರ ಕಂಪ್ಯೂಟರ್‌ನಲ್ಲಿ. ಆದ್ದರಿಂದ ಸರ್ವರ್ ಹೊಸದಾಗಿದ್ದರೆ ಸಾಲದು, ಕ್ಯೂಜಿಐಎಸ್ ಜೊತೆ ಬಂದಿರುವ ಲಿಬ್‌ಪಿಕ್ಯೂ ಹೊಸದಾಗಿರಬೇಕು. ಹಳೆಯದಿದ್ದರೆ ಈ ಹೊಸ ಆಯ್ಕೆ ಅಮಾನ್ಯ ಅಂತ ಸಂಪರ್ಕವೇ ಆಗುವುದಿಲ್ಲ.

ಇದರ ನಿಜವಾದ ಸೊಗಸು ಪ್ರಾಜೆಕ್ಟ್ ಫೈಲ್‌ನಲ್ಲಿದೆ. ಸರ್ವಿಸ್ ಮೂಲಕ ಸೇರಿಸಿದ ಲೇಯರ್‌ನಲ್ಲಿ ಹೋಸ್ಟ್ ವಿಳಾಸ ಇರುವುದಿಲ್ಲ, ಸರ್ವಿಸ್‌ನ ಹೆಸರು ಮಾತ್ರ ಇರುತ್ತದೆ. ‘ನಕ್ಷೆ’ ಅಂತ ಹೆಸರಿಟ್ಟೆವು ಅಂದುಕೊಳ್ಳಿ. ನೋಡುವವರ ಕಂಪ್ಯೂಟರ್‌ನಲ್ಲಿ ಆ ಹೆಸರು ಸ್ಟ್ಯಾಂಡ್‌ಬೈ ಕಡೆಗೆ, ಎಡಿಟ್ ಮಾಡುವವರಲ್ಲಿ ಅದೇ ಹೆಸರು ಪ್ರೈಮರಿ ಕಡೆಗೆ. ಪ್ರಾಜೆಕ್ಟ್ ಒಂದೇ, ಸ್ಟೈಲ್ ಒಂದೇ, ಎರಡು ಪ್ರತಿ ಕಾಪಾಡುವ ಗೋಳಿಲ್ಲ. ಕಷ್ಟ ಅಂದರೆ ಆ ಫೈಲನ್ನು ಪ್ರತಿಯೊಬ್ಬರ ಕಂಪ್ಯೂಟರ್‌ಗೂ ಮುಟ್ಟಿಸಬೇಕು, ಹೋಸ್ಟ್ ಬದಲಾದರೆ ಮತ್ತೆ ಮುಟ್ಟಿಸಬೇಕು.

ನಕ್ಷೆಗಳನ್ನು ವೆಬ್ ಮೂಲಕ ಕೊಡುವ ಜಿಯೋಸರ್ವರ್ ಜಾವಾದ್ದು, ಹಾಗಾಗಿ ಲಿಬ್‌ಪಿಕ್ಯೂ ಅಲ್ಲಿ ಇಲ್ಲ. ಜಾವಾದಿಂದ ಡೇಟಾಬೇಸ್ ಮುಟ್ಟುವ ಜೆಡಿಬಿಸಿ ಡ್ರೈವರ್‌ಗೂ ಹಲವು ಹೋಸ್ಟ್ ಕೊಡಬಹುದು, ಆದರೆ ಪೋಸ್ಟ್‌ಜಿಐಎಸ್ ಸ್ಟೋರ್‌ನ ಫಾರ್ಮ್ ಇರೋದು ಒಂದು ಹೋಸ್ಟ್‌ಗೆ. ಪೂರ್ತಿ ಯುಆರ್‌ಎಲ್ ಬರೆಯೋಕೆ ಜೆಎನ್‌ಡಿಐ (ಸಂಪರ್ಕದ ವಿವರವನ್ನು ಜಾವಾ ಸರ್ವರ್‌ನಲ್ಲೇ ಬರೆದಿಡುವ) ಹಾದಿ ಹಿಡಿಯಬೇಕು. ಅದಕ್ಕಿಂತ ಎರಡು ವರ್ಕ್‌ಸ್ಪೇಸ್ ಮಾಡಿ, ಡಬ್ಲ್ಯುಎಂಎಸ್ (ನಕ್ಷೆಯ ಚಿತ್ರ) ಕೊಡುವುದನ್ನು ಎಚ್‌ಎಪ್ರಾಕ್ಸಿಯ 5001ಕ್ಕೆ, ಡಬ್ಲ್ಯುಎಫ್‌ಎಸ್ (ನಕ್ಷೆಯ ದತ್ತಾಂಶ) ಮೂಲಕ ಬರೆಯುವುದನ್ನು 5000ಕ್ಕೆ ಕಟ್ಟಿದರೆ ನೆಮ್ಮದಿ.

ಯಾವ ದಾರಿ ಹಿಡಿದರೂ ರೆಪ್ಲಿಕಾದ ಎರಡು ಗುಣ ಬಿಡುವುದಿಲ್ಲ. ದೊಡ್ಡ ನಕ್ಷೆ ಬಿಡಿಸುತ್ತಿರುವಾಗ ರಿಕವರಿ ಜೊತೆ ಘರ್ಷಣೆ ಅಂತ ಕ್ವೆರಿ ರದ್ದಾಗುತ್ತದೆ, ನಕ್ಷೆ ಅರ್ಧಕ್ಕೆ ನಿಲ್ಲುತ್ತದೆ. ರೆಪ್ಲಿಕಾ ಕಾಯುವ ಅವಧಿ ಮೊದಲೇ 30 ಸೆಕೆಂಡ್ ಇರುತ್ತದೆ, ಅದನ್ನು ಹೆಚ್ಚಿಸಬಹುದು. ಹಾಟ್ ಸ್ಟ್ಯಾಂಡ್‌ಬೈ ಫೀಡ್‌ಬ್ಯಾಕ್ (ತನ್ನಲ್ಲಿ ನಡೆಯುತ್ತಿರುವ ಓದನ್ನು ರೆಪ್ಲಿಕಾ ಪ್ರೈಮರಿಗೆ ತಿಳಿಸುವುದು) ಆನ್ ಮಾಡಿದರೂ ಘರ್ಷಣೆ ಬಹಳ ಕಡಿಮೆಯಾಗುತ್ತದೆ, ಆದರೆ ಪ್ರೈಮರಿಯಲ್ಲಿ ಸತ್ತ ಸಾಲುಗಳು (ಅಳಿಸಿದ ಇಲ್ಲವೇ ಬದಲಿಸಿದ ಸಾಲುಗಳ ಹಳೆಯ ರೂಪ) ಕೂಡಿಕೊಳ್ಳುತ್ತವೆ. ಎರಡನೆಯ ಗುಣ ತಡ. ಪ್ರೈಮರಿಗೆ ಸೇವ್ ಆದ ರಸ್ತೆ ನೋಡುವವರ ನಕ್ಷೆಗೆ ತಕ್ಷಣ ಬರದೇ ಇರಬಹುದು. ಬರೆಯುವವರ ಸರ್ವಿಸ್ ಸಾಲಿನಲ್ಲೇ ಸಿಂಕ್ರೋನಸ್ ಕಮಿಟ್ ಅನ್ನುವ ಸೆಟ್ಟಿಂಗನ್ನು ರಿಮೋಟ್ ಅಪ್ಲೈ ಅಂತ ಇಟ್ಟರೆ, ರೆಪ್ಲಿಕಾದಲ್ಲೂ ಕಾಣುವ ತನಕ ಸೇವ್ ಮುಗಿಯುವುದಿಲ್ಲ. ಪ್ರೈಮರಿಯ ಸಿಂಕ್ರೋನಸ್ ಪಟ್ಟಿಯಲ್ಲಿ ಇರುವ ರೆಪ್ಲಿಕಾಗಳಿಗೆ ಮಾತ್ರ ಇದು ಅನ್ವಯ. ಎರಡೂ ರೆಪ್ಲಿಕಾ ಬೇಕೇ ಬೇಕು ಅಂತ ಪಟ್ಟಿ ಬರೆದು, ಅವುಗಳಲ್ಲಿ ಒಂದು ನಿಂತುಹೋದರೆ, ಎಲ್ಲರ ಸೇವ್ ಕೂಡ ಅದು ಎದ್ದು ಬರುವ ತನಕ ಅಥವಾ ಪಟ್ಟಿಯಿಂದ ತೆಗೆಯುವ ತನಕ ಕಾಯುತ್ತಲೇ ಇರುತ್ತದೆ.