ಆರ್ಕ್ಟಿಕ್ ಸನ್ 5000: ಹೃದಯ ಸ್ತಂಭನದ ನಂತರ ಮೈಯ ತಾಪ ಕಾಯುವ ಯಂತ್ರ

ಹೃದಯ ಸ್ತಂಭನವಾದ ರೋಗಿಗೆ ಸಿಪಿಆರ್ ಮಾಡಿ, ಶಾಕ್ ಕೊಟ್ಟು, ನಾಡಿ ಮರಳಿದ ಮೇಲೂ ಎಚ್ಚರ ಬಾರದಿದ್ದರೆ, ಮುಂದಿನ ಮೂರು ದಿನ ಐಸಿಯುನಲ್ಲಿ ನಡೆಯುವುದರಲ್ಲಿ ಬಹುಪಾಲು ಮೆದುಳನ್ನು ಉಳಿಸಿಕೊಳ್ಳುವ ಕೆಲಸವೇ. ಆ ಕೆಲಸದ ಒಂದು ಭಾಗ ದೇಹದ ತಾಪಮಾನವನ್ನು ಹತೋಟಿಯಲ್ಲಿಡುವುದು. ಅದಕ್ಕೆಂದೇ ತಯಾರಾದ ಯಂತ್ರಗಳಲ್ಲಿ ಆರ್ಕ್ಟಿಕ್ ಸನ್ 5000 ಹೆಸರು ಮಾಡಿದ್ದು. ಇದನ್ನು ಕೊಳ್ಳಬೇಕೇ ಬೇಡವೇ ಎಂದು ಲೆಕ್ಕ ಹಾಕುತ್ತಿರುವ ಆಸ್ಪತ್ರೆಗಳವರಿಗೂ, ತಮ್ಮವರ ಮೈಗೆ ಇದರ ಪ್ಯಾಡ್‌ಗಳನ್ನು ಅಂಟಿಸಿರುವುದನ್ನು ಕಂಡು ಗಾಬರಿಗೊಂಡ ಮನೆಯವರಿಗೂ ಉಪಯೋಗವಾಗಲೆಂದು, ಇದನ್ನು ಬಳಸುವ ಐಸಿಯು ವೈದ್ಯನಾಗಿ ಈ ವಿಮರ್ಶೆ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಯಂತ್ರ ಬಹಳ ಒಳ್ಳೆಯದು, ಆದರೆ ಎಲ್ಲ ಆಸ್ಪತ್ರೆಗಳೂ ಮೊದಲು ಕೊಳ್ಳಬೇಕಾದದ್ದು ಇದಲ್ಲ.

ರಕ್ತ ಸಂಚಾರ ನಿಂತ ಕೆಲವೇ ನಿಮಿಷಗಳಲ್ಲಿ ಮೆದುಳಿಗೆ ಪೆಟ್ಟು ಬೀಳುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅಷ್ಟಾಗಿ ತಿಳಿಯದಿರುವುದೇನೆಂದರೆ, ರಕ್ತ ಮತ್ತೆ ಹರಿಯತೊಡಗಿದ ಮೇಲೂ ಆ ಹಾನಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಮುಂದುವರಿಯುತ್ತದೆ. ಈ ಅವಧಿಯಲ್ಲಿ ಜ್ವರ ಬಂದರೆ ಪೆಟ್ಟು ತಿಂದ ಮೆದುಳಿಗೆ ಆಮ್ಲಜನಕದ ಬೇಡಿಕೆ ಇನ್ನೂ ಏರುತ್ತದೆ. ದೇಹದ ತಾಪಮಾನ ಒಂದು ಡಿಗ್ರಿ ಸೆಲ್ಸಿಯಸ್ ಇಳಿದರೆ ಮೆದುಳಿನ ಚಯಾಪಚಯ ಸುಮಾರು ಶೇ. 6ರಿಂದ 10ರಷ್ಟು ತಗ್ಗುತ್ತದೆ. ಹಾಗಾದರೆ ಚೆನ್ನಾಗಿಯೇ ತಂಪು ಮಾಡಿಬಿಡಬಹುದಲ್ಲ ಎಂಬ ಯೋಚನೆ ಸಹಜ, ಮತ್ತು ವೈದ್ಯಲೋಕ ಸುಮಾರು ಎರಡು ದಶಕ ಹಾಗೆಯೇ ನಡೆದುಕೊಂಡಿತು.

2002ರಲ್ಲಿ ಯುರೋಪ್ ಮತ್ತು ಆಸ್ಟ್ರೇಲಿಯಾದ ಎರಡು ಅಧ್ಯಯನಗಳು ಒಟ್ಟಿಗೆ ಪ್ರಕಟವಾದವು. ರೋಗಿಗಳನ್ನು 33 ಡಿಗ್ರಿಯ ಆಸುಪಾಸಿಗೆ ತಂದಾಗ ಮೆದುಳು ಚೇತರಿಸಿಕೊಂಡವರ ಪ್ರಮಾಣ ಯುರೋಪಿನಲ್ಲಿ ಶೇ. 39ರಿಂದ 55ಕ್ಕೆ, ಮೆಲ್ಬರ್ನ್‌ನಲ್ಲಿ ಶೇ. 26ರಿಂದ 49ಕ್ಕೆ ಏರಿತ್ತು. ಮೆಲ್ಬರ್ನ್‌ನವರು ಬಳಸಿದ್ದು ಯಾವ ಯಂತ್ರವನ್ನೂ ಅಲ್ಲ, ಬರಿಯ ಐಸ್ ಪ್ಯಾಕ್‌ಗಳನ್ನು. 2013ರಲ್ಲಿ 939 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ 33 ಡಿಗ್ರಿಗೂ 36 ಡಿಗ್ರಿಗೂ ವ್ಯತ್ಯಾಸ ಕಾಣಲಿಲ್ಲ. 2021ರಲ್ಲಿ ಇನ್ನೂ ದೊಡ್ಡ ಅಧ್ಯಯನವೊಂದು 33 ಡಿಗ್ರಿಗೆ ಇಳಿಸುವುದನ್ನೂ, ಜ್ವರ ಏರದಂತೆ ನೋಡಿಕೊಳ್ಳುವುದನ್ನಷ್ಟೇ ಮಾಡುವುದನ್ನೂ ಹೋಲಿಸಿತು. ಆರು ತಿಂಗಳ ಹೊತ್ತಿಗೆ ಸಾವಿನ ಪ್ರಮಾಣ ಮೊದಲ ಗುಂಪಿನಲ್ಲಿ ಶೇ. 50, ಎರಡನೆಯದರಲ್ಲಿ ಶೇ. 48. ಅಂದರೆ ತಂಪು ಮಾಡಿದ್ದರಿಂದ ಲಾಭವಾಗಲಿಲ್ಲ, ಮೇಲಾಗಿ ರಕ್ತದೊತ್ತಡ ಕುಸಿಯುವಷ್ಟು ಹೃದಯದ ಲಯ ತಪ್ಪುವುದು ತಂಪು ಮಾಡಿದವರಲ್ಲೇ ಹೆಚ್ಚಾಗಿತ್ತು. ಶಾಕ್‌ಗೆ ಒಗ್ಗದ, ಅಂದರೆ ವಿದ್ಯುತ್ ಶಾಕ್ ಕೊಟ್ಟು ಸರಿಪಡಿಸಲಾಗದಂಥ ಲಯದಿಂದ ಹೃದಯ ನಿಂತವರಲ್ಲಿ ತಂಪಿನಿಂದ ಸ್ವಲ್ಪ ಅನುಕೂಲವಾಯಿತೆಂದು 2019ರ ಫ್ರಾನ್ಸಿನ ಅಧ್ಯಯನ ಹೇಳಿದ್ದರಿಂದ ಚರ್ಚೆ ಪೂರ್ತಿ ಮುಗಿದಿಲ್ಲವಾದರೂ, 2022ರ ಯುರೋಪಿನ ಮಾರ್ಗಸೂಚಿ ಎಚ್ಚರವಿಲ್ಲದ ರೋಗಿಯ ತಾಪಮಾನ ಕನಿಷ್ಠ 72 ಗಂಟೆಗಳ ಕಾಲ 37.7 ಡಿಗ್ರಿಯನ್ನು ಮೀರದಂತೆ ನೋಡಿಕೊಳ್ಳಿ ಎಂದಿತು. ನಮ್ಮ ಐಸಿಯುನಲ್ಲಿ ಈ ಯಂತ್ರವನ್ನು ನಾವು ಬಳಸುವುದೂ ಹೆಚ್ಚಾಗಿ ಇದಕ್ಕೇ.

ಯಂತ್ರದ ರಚನೆ ಸರಳ. ಒಳಬದಿಯಲ್ಲಿ ಜೆಲ್ ಇರುವ ಪ್ಯಾಡ್‌ಗಳನ್ನು ರೋಗಿಯ ಬೆನ್ನು, ಪಕ್ಕೆ ಮತ್ತು ತೊಡೆಗಳಿಗೆ ಅಂಟಿಸುತ್ತಾರೆ. ಅವುಗಳೊಳಗೆ 4ರಿಂದ 42 ಡಿಗ್ರಿಯವರೆಗಿನ ನೀರು ಹರಿಯುತ್ತದೆ. ಪಂಪು ನೀರನ್ನು ಒತ್ತಿ ತಳ್ಳುವುದಿಲ್ಲ, ಸ್ಟ್ರಾ ಹಾಕಿ ಎಳನೀರು ಕುಡಿದಂತೆ ಹೀರಿಕೊಳ್ಳುತ್ತದೆ. ಆದ್ದರಿಂದ ಪ್ಯಾಡ್ ಎಲ್ಲಾದರೂ ತೂತಾದರೆ ಗಾಳಿ ಒಳಹೋಗುತ್ತದೆಯೇ ಹೊರತು ಹಾಸಿಗೆಯ ತುಂಬ ನೀರಾಗುವುದಿಲ್ಲ. ಹಾಸಿಗೆಯ ಸುತ್ತ ವಿದ್ಯುತ್ ಉಪಕರಣಗಳೇ ತುಂಬಿರುವ ಐಸಿಯುನಲ್ಲಿ ಇದು ಸಣ್ಣ ಸಮಾಧಾನವಲ್ಲ. ಅನ್ನನಾಳದಲ್ಲೋ ಮೂತ್ರಕೋಶದಲ್ಲೋ ಇರುವ ಪ್ರೋಬ್ ದೇಹದ ಒಳಗಿನ ತಾಪಮಾನವನ್ನು ತಿಳಿಸುತ್ತಿರುತ್ತದೆ, ಯಂತ್ರ ಅದನ್ನು ನೋಡಿಕೊಂಡು ನೀರಿನ ಬಿಸಿ ತಂಪನ್ನು ತಾನೇ ಹೊಂದಿಸಿಕೊಳ್ಳುತ್ತದೆ. 37.5 ಎಂದು ಹೇಳಿದರೆ ಅದರ ಆಚೀಚೆ ಹೆಚ್ಚು ಕದಲುವುದಿಲ್ಲ. ಕೈಯಿಂದ ಐಸ್ ಇಟ್ಟು ತೆಗೆದು ಮಾಡುವಾಗ ಈ ಸ್ಥಿರತೆ ಸಿಗುವುದೇ ಇಲ್ಲ, 35ಕ್ಕೆ ಇಳಿದು ಮತ್ತೆ 38ಕ್ಕೆ ಏರುವ ಗ್ರಾಫ್‌ಗಳನ್ನು ನೋಡಿದವರಿಗೆ ಇದರ ಬೆಲೆ ಗೊತ್ತು.

ಕಷ್ಟ ಶುರುವಾಗುವುದು ನಡುಕದಿಂದ. ಜ್ವರ ಏರಬೇಕೆಂದು ಹಟ ಹಿಡಿದ ದೇಹವನ್ನು ಯಂತ್ರ ಕೆಳಗೆಳೆದರೆ ದೇಹ ನಡುಗಿ ಶಾಖ ಹುಟ್ಟಿಸಿಕೊಳ್ಳುತ್ತದೆ, ಆಮ್ಲಜನಕದ ಬಳಕೆ ಎರಡು ಪಟ್ಟಾಗುವುದೂ ಉಂಟು. ಆಗ ಮೆದುಳಿಗೆ ವಿಶ್ರಾಂತಿ ಕೊಡಲು ಹಚ್ಚಿದ ಯಂತ್ರವೇ ಅದರ ಕೆಲಸ ಹೆಚ್ಚಿಸಿದಂತಾಗುತ್ತದೆ. ಮೊದಲ ನಡುಕ ಕಣ್ಣಿಗೆ ಕಾಣುವುದಿಲ್ಲ. ಅನುಭವಿ ಸಿಸ್ಟರ್ ಒಬ್ಬರು ರೋಗಿಯ ದವಡೆಯ ಮೇಲೂ ಕುತ್ತಿಗೆ ಎದೆ ಸೇರುವಲ್ಲಿಯೂ ಅಂಗೈ ಇಟ್ಟು, ಒಳಗಿನ ಸಣ್ಣ ಕಂಪನವನ್ನು ಹಿಡಿಯುತ್ತಾರೆ. ಮಾನಿಟರಿನಲ್ಲಿ ಇಸಿಜಿಯ ಗೆರೆ ಒರಟಾಗುವುದು ಇನ್ನೊಂದು ಸುಳಿವು. ನಡುಕ ಕುತ್ತಿಗೆ ಎದೆಗಳಲ್ಲಷ್ಟೇ ಇದೆಯೇ, ತೋಳುಗಳಿಗೆ ಇಳಿಯಿತೇ, ಇಡೀ ಮೈಗೆ ಹರಡಿತೇ ಎಂಬುದಕ್ಕೆ 0ಯಿಂದ 3ರವರೆಗೆ ಅಂಕ ಕೊಟ್ಟು ಗಂಟೆಗೊಮ್ಮೆ ಬರೆದಿಡಬೇಕು. ಪ್ಯಾರಾಸಿಟಮಾಲ್, ಮೆಗ್ನೀಸಿಯಂ, ಕೈಕಾಲು ಮುಖಗಳಿಗೆ ಬೆಚ್ಚನೆಯ ಹೊದಿಕೆ, ಆಮೇಲೆ ಮಂಪರಿನ ಮತ್ತು ನೋವಿನ ಔಷಧಗಳು, ಕೊನೆಗೆ ಸ್ನಾಯುಗಳನ್ನು ಸಡಿಲಿಸುವ ಔಷಧ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು. ಕೊನೆಯ ಮೆಟ್ಟಿಲಿಗೆ ಹೋದರೆ ಫಿಟ್ಸ್ ಬಂದರೂ ಹೊರಗೆ ಕಾಣಿಸದು, ಮೆದುಳಿನ ವಿದ್ಯುತ್ ಚಟುವಟಿಕೆಯನ್ನು ತೋರಿಸುವ ಇಇಜಿ ಬೇಕಾಗುತ್ತದೆ. ಮೈ ತಂಪಾಗಿರುವುದನ್ನು ಮುಟ್ಟಿ ನೋಡಿದ ಮನೆಯವರು ಕಂಬಳಿ ಹೊದಿಸಲು ಮುಂದಾಗುತ್ತಾರೆ. ಅವರನ್ನು ಗದರಿಸದೆ, ಕೈಕಾಲಿಗೆ ಏಕೆ ಹೊದಿಸುತ್ತೇವೆ, ಎದೆಗೆ ಏಕೆ ಹೊದಿಸುವುದಿಲ್ಲ ಎಂದು ಎರಡು ಮಾತು ಹೇಳಿದರೆ ಸಾಕು.

ಯಂತ್ರದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ರೋಗಿಯ ತಾಪಮಾನದ ಜೊತೆಗೆ ನೀರಿನ ತಾಪಮಾನವನ್ನೂ ಪರದೆಯ ಮೇಲೆ ತೋರಿಸುವುದು. ಯಂತ್ರ ಹಾಕಿದ ಮೇಲೆ ಜ್ವರವೆಂಬ ಲಕ್ಷಣ ಮರೆಯಾಗಿಬಿಡುತ್ತದೆ. ರೋಗಿಯ ತಾಪಮಾನ 37.2 ಎಂದು ಬರೆದು ಮುಂದಿನ ಹಾಸಿಗೆಗೆ ಹೋಗುವವರು ನೀರು 8 ಡಿಗ್ರಿಗೆ ಇಳಿದಿರುವುದನ್ನು ಗಮನಿಸದಿದ್ದರೆ, ಒಳಗೊಳಗೇ ಬೆಳೆಯುತ್ತಿರುವ ನ್ಯುಮೋನಿಯಾ ಕೈತಪ್ಪುತ್ತದೆ. ನೀರು ತಣ್ಣಗಾಗುತ್ತಾ ಹೋದಷ್ಟೂ ದೇಹ ಹೆಚ್ಚು ಶಾಖ ಹುಟ್ಟಿಸುತ್ತಿದೆ ಎಂದೇ ಅರ್ಥ. ನಮ್ಮ ಚಾರ್ಟಿನಲ್ಲಿ ನೀರಿನ ತಾಪಮಾನಕ್ಕೆ ಪ್ರತ್ಯೇಕ ಕಾಲಂ ಮಾಡಿಸಿದ್ದೇವೆ.

ಇನ್ನು ಪ್ರೋಬ್. ಯಂತ್ರ ನಂಬುವುದು ಪ್ರೋಬನ್ನು ಮಾತ್ರ. ರೋಗಿಯನ್ನು ಪಕ್ಕಕ್ಕೆ ಹೊರಳಿಸುವಾಗ ಅನ್ನನಾಳದ ಪ್ರೋಬ್ ಜಾರಿ ಬಾಯಿಗೆ ಬಂದರೆ ಅದು 34 ಎಂದು ತೋರಿಸಬಹುದು, ಆಗ ಯಂತ್ರ ಜ್ವರದಲ್ಲಿರುವ ರೋಗಿಗೇ ಬಿಸಿನೀರು ಹರಿಸತೊಡಗುತ್ತದೆ. ಮೂತ್ರ ಕಡಿಮೆಯಾದ ರೋಗಿಯಲ್ಲಿ ಮೂತ್ರಕೋಶದ ಪ್ರೋಬ್ ತಡವಾಗಿ ಸುದ್ದಿ ಹೇಳುತ್ತದೆ. ಕಂಕುಳಿನ ಥರ್ಮಾಮೀಟರನ್ನು ಈ ಕೆಲಸಕ್ಕೆ ನಂಬಲೇಬಾರದು.

ಕೊರತೆಗಳನ್ನು ಬೇಗ ಹೇಳಿಬಿಡಬಹುದು. ಪ್ಯಾಡ್‌ಗಳು ಒಬ್ಬ ರೋಗಿಗೆ ಮಾತ್ರ, ಮತ್ತು ದುಬಾರಿ. ಬಿಲ್ಲಿನಲ್ಲಿ ಅದು ಎದ್ದು ಕಾಣುತ್ತದೆ. ಟ್ಯಾಂಕಿಗೆ ಸ್ಟೆರೈಲ್ ವಾಟರ್ ಮಾತ್ರ ತುಂಬಬೇಕು, ನಲ್ಲಿ ನೀರು ಹಾಕುವಂತಿಲ್ಲ. ಪ್ಯಾಡ್ ಕೆಳಗಿನ ಚರ್ಮವನ್ನು ಕೆಲವು ಗಂಟೆಗಳಿಗೊಮ್ಮೆ ಎತ್ತಿ ನೋಡಬೇಕು, ರಕ್ತದೊತ್ತಡ ಏರಿಸುವ ಔಷಧ ಹೆಚ್ಚಾಗಿ ಹೋಗುತ್ತಿರುವವರಲ್ಲಿ ಇನ್ನೂ ಜಾಗರೂಕತೆ ಬೇಕು. ನಾನು ಹಿಂದೆ ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿದ್ದ ಬೇರೊಂದು ಕಂಪನಿಯ ನೀರಿನ ಹೊದಿಕೆ ಯಂತ್ರ, ರಿಪೇರಿಯವರು ಬರುವುದನ್ನು ಕಾಯುತ್ತಾ ಬೇಸಿಗೆಯಿಡೀ ಮೂಲೆಯಲ್ಲಿತ್ತು. ಕಲಬುರಗಿ, ರಾಯಚೂರು ಕಡೆಯ ಮೇ ತಿಂಗಳಲ್ಲಿ ಅದು ಬೇಕಾಗಿದ್ದಷ್ಟು ಬೇರೆ ಯಾವಾಗಲೂ ಬೇಕಾಗಿರಲಿಲ್ಲ.

ಯಂತ್ರವಿಲ್ಲದ ಆಸ್ಪತ್ರೆಗಳು ಕೈಚೆಲ್ಲಬೇಕಾಗಿಲ್ಲ. 2021ರ ಅಧ್ಯಯನದಲ್ಲಿ ಜ್ವರ ತಡೆಯುವುದಷ್ಟೇ ಗುರಿಯಾಗಿದ್ದ ಗುಂಪಿನಲ್ಲಿ, ತಾಪಮಾನ 37.8 ಮುಟ್ಟಿದವರಿಗೆ ಮಾತ್ರ ತಂಪು ಮಾಡುವ ಯಂತ್ರ ಹಾಕಿದ್ದರು. ಹಾಗೆ ಬೇಕಾದವರು ಶೇ. 46 ಮಾತ್ರ. ಉಳಿದವರಿಗೆ ಔಷಧ, ತೆಳು ಹೊದಿಕೆ, ತಂಪು ಕೋಣೆಯಂಥ ಕ್ರಮಗಳೇ ಸಾಕಾದವು. ಜಿಲ್ಲಾ ಮಟ್ಟದ ಐಸಿಯುನಲ್ಲಿ ಒಳ್ಳೆಯ ಅನ್ನನಾಳದ ಪ್ರೋಬ್, ಹೊತ್ತು ಹೊತ್ತಿಗೆ ಪ್ಯಾರಾಸಿಟಮಾಲ್, ಒದ್ದೆ ಬಟ್ಟೆ ಮತ್ತು ಫ್ಯಾನ್, ಬಟ್ಟೆಯಲ್ಲಿ ಸುತ್ತಿ ಕಂಕುಳು ತೊಡೆಸಂದಿಗಳಲ್ಲಿಟ್ಟ ಐಸ್ ಪ್ಯಾಕ್, ಗಂಟೆಗೊಮ್ಮೆ ಬರೆಯುವ ಚಾರ್ಟ್, ಇಷ್ಟಿದ್ದರೆ ಅನೇಕ ರೋಗಿಗಳನ್ನು 37.7ರ ಕೆಳಗೆ ಇಟ್ಟುಕೊಳ್ಳಬಹುದು. ಆದರೆ ಇಬ್ಬರು ಮೂವರು ರೋಗಿಗಳಿಗೆ ಒಬ್ಬರೇ ಸಿಸ್ಟರ್ ಇರುವ ರಾತ್ರಿಪಾಳಿಯಲ್ಲಿ ಐಸ್ ಬದಲಿಸುವ ಕೆಲಸವೇ ಮೊದಲು ತಪ್ಪಿಹೋಗುವುದು, ಯಂತ್ರದ ನಿಜವಾದ ಉಪಯೋಗ ಅಲ್ಲಿಯೇ. ತಜ್ಞರು, ವೆಂಟಿಲೇಟರ್, ಇಇಜಿ, ಆಂಜಿಯೋಗ್ರಾಂ ಸೌಲಭ್ಯ ಎಲ್ಲವೂ ಇದ್ದು, ಇಂಥ ರೋಗಿಗಳು ಆಗಾಗ ಬರುವ ಆಸ್ಪತ್ರೆ ಇದನ್ನು ಧೈರ್ಯವಾಗಿ ಕೊಳ್ಳಬಹುದು.

ಕೊಳ್ಳುವವರು ಕರಾರಿನಲ್ಲಿ ಮೂರು ವಿಷಯ ಬರೆಸಿಕೊಳ್ಳಿ. ಎಲ್ಲ ಅಳತೆಯ ಪ್ಯಾಡ್‌ಗಳ ದಾಸ್ತಾನು ಸದಾ ಆಸ್ಪತ್ರೆಯಲ್ಲೇ ಇರಬೇಕು, ಏಕೆಂದರೆ ಬೆಂಗಳೂರಿನಿಂದ ಪಾರ್ಸೆಲ್ ಬರುವವರೆಗೆ ಜ್ವರ ಕಾಯುವುದಿಲ್ಲ. ರಿಪೇರಿಗೆ ಎಷ್ಟು ಗಂಟೆಯೊಳಗೆ ಬರುತ್ತಾರೆ, ಬರದಿದ್ದರೆ ಬದಲಿ ಯಂತ್ರ ಕೊಡುತ್ತಾರೆಯೇ ಎಂಬುದು ಇರಬೇಕು. ಒಂದೇ ಪ್ರೋಬಿನ ಅಂಕೆ ಯಂತ್ರಕ್ಕೂ ಹಾಸಿಗೆ ಪಕ್ಕದ ಮಾನಿಟರಿಗೂ ಹೋಗುವಂಥ ಕೇಬಲ್ ನಿಮ್ಮ ಮಾನಿಟರಿಗೆ ಹೊಂದುತ್ತದೆಯೇ ಎಂದು ಡೆಮೊ ದಿನವೇ ಜೋಡಿಸಿ ತೋರಿಸಲು ಹೇಳಿ.